ಸುಯಮೀಂದ್ರ ಮಾಸ್ತರರ ಹೃದಯಪಾಠ

ವಿಜ್ಞಾನದ ಕೋಣೆಯ ನಾಲ್ಕನೆಯ ಗೋಡೆಯ ಅರ್ಧಕ್ಕೆ ಬಂದಾಗ ಸುಯಮೀಂದ್ರ ಮಾಸ್ತರರಿಗೆ ತಾವು ಬಳಿಯುತ್ತಿರುವ ಬಣ್ಣ ಯಾವುದೆಂಬುದು ಅರ್ಥವಾಯಿತು. ಅಕ್ಕಿಆಲೂರಿನ ಅಂಗಡಿಯಲ್ಲಿ ಅವರು ಕೇಳಿದ್ದು ಕೆನೆಬಣ್ಣ. ಡಬ್ಬಿಯಲ್ಲಿದ್ದಾಗ ಅದು ಕೆನೆಯಂತೆಯೇ ಇತ್ತು. ಗೋಡೆಗೆ ಹತ್ತಿ ಆರತೊಡಗಿದ ಮೇಲೆ ಮಾತ್ರ ಮನುಷ್ಯರ ಚರ್ಮದ ಬಣ್ಣಕ್ಕೆ ತಿರುಗಿತ್ತು. ಅದೂ ಬಿಸಿಲು ಕಾಣದ, ಅಂಗಿಯೊಳಗಿನ ಚರ್ಮ. ಭಾನುವಾರದ ಮಧ್ಯಾಹ್ನ. ಸೀಗಿಕೊಪ್ಪದ ಪ್ರೌಢಶಾಲೆಯ ಒಳಗೆ ಅವರನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಏಣಿಯ ಮೇಲಿಂದ ಸುತ್ತ ನೋಡಿದ ಮಾಸ್ತರರಿಗೆ, ಯಾವುದೋ ದೊಡ್ಡ ಪ್ರಾಣಿ ತಮ್ಮನ್ನು ನುಂಗಿದೆ, ತಾವು ಅದರ ಹೊಟ್ಟೆಯೊಳಗೆ ನಿಂತು ಬಣ್ಣ ಹಚ್ಚಿಕೊಡುತ್ತಿದ್ದೇವೆ ಎಂದು ಅನಿಸಿ, ಕುಂಚ ಹಿಡಿದ ಕೈ ತುಸು ನಿಂತಿತು. ಆದರೆ ಅರ್ಧ ಗೋಡೆ ಬಿಟ್ಟು ಏಣಿ ಇಳಿಯುವ ಕುಲ ಅವರದಲ್ಲ. ಮುಗಿಸಿಯೇ ಇಳಿದರು.

ವಾಸನೆ ಹೋಗಲೆಂದು ಹಿಂಗೋಡೆಯ ಕಿಟಕಿಯನ್ನು ಗುದ್ದಿ ತೆರೆದರು. ಎಷ್ಟೋ ವರ್ಷದಿಂದ ಮುಚ್ಚಿಯೇ ಇದ್ದ ಕಿಟಕಿ ಅದು. ತೆರೆದ ಕೂಡಲೇ ಆಚೆ ಒಂದು ಕೈ ಕಂಡಿತು.

ಕೈಯವ್ವನ ಕೈ. ಎಂದೋ ಗಂಡನ ಚಿತೆ ಏರಿದ ಹೆಣ್ಣೊಬ್ಬಳ ನೆನಪಿಗೆ ನಿಲ್ಲಿಸಿದ ಮಾಸ್ತಿಗಲ್ಲು. ಅವಳ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಮುಖ ಮಳೆಗಾಳಿಗೆ ಸವೆದುಹೋಗಿದೆ. ಉಳಿದಿರುವುದು ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ಒಂದು ಬಲಗೈ, ಮಣಿಕಟ್ಟಿನ ತುಂಬ ಕಲ್ಲಿನ ಬಳೆ, ಬಿಚ್ಚಿದ ಅಂಗೈ, ನೆಟ್ಟಗಿನ ಬೆರಳು. ಶಾಲೆ ಕಟ್ಟುವಾಗ ಅದನ್ನು ಕದಲಿಸಲು ಯಾವ ಗೌಂಡಿಯೂ ಒಪ್ಪಲಿಲ್ಲವಾದ್ದರಿಂದ ಅದನ್ನು ಅಲ್ಲೇ ಬಿಟ್ಟು ಗೋಡೆ ಎಬ್ಬಿಸಿದ್ದರು. ಹಾಗಾಗಿ ಕೈಯವ್ವ ಕಿಟಕಿಯಿಂದ ಒಂದು ಹೆಜ್ಜೆ ಆಚೆ, ಒಳಗೆ ಬರಲು ಅಪ್ಪಣೆ ಕೇಳುವ ಹುಡುಗಿಯ ಹಾಗೆ ನಿಂತಿದ್ದಾಳೆ.

ಬಿಸಿಯೂಟದ ಅಡಿಗೆ ಮಾಡುವ ತಿಪ್ಪವ್ವ ಆಗ ಕಲ್ಲಿಗೆ ಎಣ್ಣೆ ಹಾಕಲು ಬಂದಿದ್ದಳು. ಡಬ್ಬಿಯ ತಳದಲ್ಲಿ ಬಣ್ಣ ಉಳಿದದ್ದನ್ನು ಕಿಟಕಿಯಿಂದಲೇ ಇಣುಕಿ ನೋಡಿದಳು.

“ಚೆಲ್ಲೂದಕ್ಕಿಂತ ನಮ್ಮವ್ವನ ಕೈಗಿ ಹಚ್ಚಿಬಿಡ್ರಿ ಸರ. ಕರ್ರಗಾಗಿ ಕುಂತಾಳ,” ಎಂದಳು.

ಮಾಸ್ತರರು ಹಚ್ಚಿದರು. ಹಚ್ಚುವುದೆಂದ ಮೇಲೆ ಬೆರಳು ಬೆರಳಿಗೂ ಬಿಡಿಸಿ ಹಚ್ಚಿದರು. ನಡುಬೆರಳಿಗೆ ಕುಂಚ ತುಸು ಜೋರಾಗಿ ತಾಗಿದಾಗ ಅಭ್ಯಾಸಬಲದಿಂದ “ನೋವಾತೇನ್ರಿ” ಎಂದು ಕೇಳಿಯೂ ಬಿಟ್ಟರು. ಕಲ್ಲು ಸುಮ್ಮನಿತ್ತು. ಅದರ ಪರವಾಗಿ ತಿಪ್ಪವ್ವ, ಇಲ್ಲಂತ, ಹಚ್ಚರಿ ಅಂತಾಳ, ಎಂದು ತಿಳಿಸಿದಳು. ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ, ಪಾಚಿಗಟ್ಟಿದ ಕಲ್ಲಿನಿಂದ ಜೀವಂತ ಮನುಷ್ಯರ ಕೈಯೊಂದು ಹೊರಟು ನಿಂತಿತ್ತು. ಮಾಸ್ತರರು ಬೇಗ ಬೇಗ ಕುಂಚ ತೊಳೆದುಕೊಂಡು ಮನೆಗೆ ಹೋದರು. ಕಿಟಕಿ ಮುಚ್ಚುವುದು ಮರೆತುಹೋಯಿತು.

ಇಷ್ಟೆಲ್ಲ ಸಡಗರ ಒಂದು ಯಂತ್ರಕ್ಕಾಗಿ. ಸವಣೂರಿನ ಒಂದು ಸಣ್ಣ ಸಂಸ್ಥೆ ಅದನ್ನು ಸೀಗಿಕೊಪ್ಪದ ಶಾಲೆಗೆ ಸಂಕ್ರಾಂತಿಯವರೆಗೆ ಪರೀಕ್ಷೆಗೆಂದು ಕೊಟ್ಟಿತ್ತು. ದೊಡ್ಡದೊಂದು ಪರದೆ, ಅದರ ನೆತ್ತಿಯ ಮೇಲೆ ಗುಲಗಂಜಿಯಷ್ಟು ಕಪ್ಪು ಕಣ್ಣಿನ ಕ್ಯಾಮೆರಾ. ಯಾವುದನ್ನೂ ಮುಟ್ಟುವಂತಿಲ್ಲ. ಎದುರಿಗೆ ನಿಂತು ಅಂಗೈ ಎತ್ತಿ ತೋರಿಸಿದರೆ ಪರದೆಯ ಮೇಲಿನ ಹೃದಯ ಬಡಿದುಕೊಳ್ಳತೊಡಗುತ್ತದೆ, ರಕ್ತ ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗುತ್ತದೆಂಬುದು ಕಾಣುತ್ತದೆ. ಮುಷ್ಟಿ ಹಿಡಿದರೆ ನಿಲ್ಲುತ್ತದೆ. ಹೆಬ್ಬೆರಳು ತೋರುಬೆರಳು ಚಿವುಟಿದ ಹಾಗೆ ಹಿಡಿದರೆ ದೊಡ್ಡದಾಗುತ್ತದೆ. ಕೈ ಬೀಸಿದರೆ ಹೃದಯ ಸರಿದು ಗ್ರಹಗಳು ಬರುತ್ತವೆ, ಇನ್ನೊಮ್ಮೆ ಬೀಸಿದರೆ ನೀರಿನ ಅಣು. ಪುಸ್ತಕದಲ್ಲಿ ಸತ್ತು ಮಲಗಿದ್ದ ವಿಜ್ಞಾನ ಕೈಸನ್ನೆಗೆ ಎದ್ದು ಕೂರುತ್ತದೆ.

ಶನಿವಾರ ಯಂತ್ರ ಕೂರಿಸಲು ಬಂದಿದ್ದ ಇಂಜಿನಿಯರ್ ದಿಲ್ಶಾದ, ಬಳಸುವ ರೀತಿಯನ್ನು ಮಾಸ್ತರರಿಗೆ ಹೇಳಿಕೊಡುತ್ತೇನೆಂದು ಕುಳಿತಳು. ಮಾಸ್ತರರು ನಕ್ಕರು. ತಮ್ಮ ಅಜ್ಜ ಸಂಧ್ಯಾವಂದನೆಗೆ ಕುಳಿತರೆ ಇಪ್ಪತ್ನಾಲ್ಕು ಮುದ್ರೆ ಹಾಕುತ್ತಿದ್ದರು, ಕೈಸನ್ನೆ ತಮ್ಮ ಮನೆತನಕ್ಕೆ ಹೊಸದಲ್ಲ, ಎಂದು ಹೇಳಿ, ಅವಳಿಗೆ ಚಹಾ ತರಿಸಲು ಎದ್ದುಹೋದರು. ಅವರು ಹೋದದ್ದನ್ನು ಗಮನಿಸದೆ, ಯಂತ್ರದ ಕಡೆ ತಿರುಗಿ ಅವಳು ಹೇಳಿದ ಮಾತು ಒಂದೇ: ಯಂತ್ರದಿಂದ ಎರಡು ಮಾರು ದೂರ ನಿಲ್ಲಬೇಕು, ಇಲ್ಲವಾದರೆ ಅದಕ್ಕೆ ಕೈ ಕಾಣುವುದಿಲ್ಲ. ಅದನ್ನು ಕೇಳಿಸಿಕೊಂಡದ್ದು ಖಾಲಿ ಬೆಂಚುಗಳು.

ಹೋಗುವ ಮೊದಲು ದಿಲ್ಶಾದ ಇನ್ನೊಂದು ಹೇಳಿದ್ದಳು. ಯಂತ್ರವನ್ನು ಯಾರು ಹೇಗೆ ಬಳಸಿದರು ಎಂದು ಶಾಲೆಯ ಮುದ್ರೆಯೊತ್ತಿ ಒಂದು ಪತ್ರ ಬರೆಯಬೇಕು. ಪತ್ರ ಸರಿಯಾಗಿದ್ದರೆ ಯಂತ್ರ ಇಲ್ಲೇ ಉಳಿಯುತ್ತದೆ. ಬಾರದಿದ್ದರೆ ಹಿರೇಕೆರೂರಿನ ಕಡೆಯ ಶಾಲೆಗೆ ಹೋಗುತ್ತದೆ. ಬರೆಯುವ ಹೊಣೆ ವಿಜ್ಞಾನದ ಮಾಸ್ತರರದು. ಅದಕ್ಕೇನು, ನಾಳೆಯೇ ಬರೆದು ಹಾಕುತ್ತೇನೆ, ಎಂದರು ಮಾಸ್ತರರು.

ಸೋಮವಾರ ಉದ್ಘಾಟನೆ. ಹೆಡ್‌ಮಾಸ್ತರ ರುದ್ರೇಶ ಕೋಟು ತೊಟ್ಟು ಬಂದಿದ್ದರು. ಶಾಲಾ ಸಮಿತಿಯ ಅಧ್ಯಕ್ಷ ಗೋಣೆಪ್ಪ, ಅಕ್ಕಿ ಗಿರಣಿಯ ಯಜಮಾನ, ಮುಂದಿನ ಬೆಂಚಿನಲ್ಲಿ ಎರಡಾಳಿನ ಜಾಗ ಹಿಡಿದು ಕುಳಿತಿದ್ದರು. ಕೋಣೆಯ ಬಣ್ಣ ನೋಡಿ, ಬಾಣಂತಿ ಕ್ವಾಣಿ ಆಗೇತಲ್ರಿ ಇದು, ಎಂದಷ್ಟೇ ಹೇಳಿ ಸುಮ್ಮನಾದರು. ಮಾಸ್ತರರು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಅಂಗೈ ಎತ್ತಿದರು. ಹೃದಯ ಅಲುಗಲಿಲ್ಲ. ಇನ್ನೊಂದು ಕೈ ಎತ್ತಿದರು. ಎರಡನ್ನೂ ಬೀಸಿದರು. ಗಿಣಿ ಓಡಿಸುವ ರೈತನ ಹಾಗೆ ಬೀಸಿದರು. ಅಜ್ಜನ ಮುದ್ರೆಗಳಲ್ಲಿ ನೆನಪಿದ್ದವನ್ನೆಲ್ಲ ಹಾಕಿದರು. ಪರದೆಯ ಮೇಲೆ ಹೃದಯ ಕಟುಕರ ಅಂಗಡಿಯಲ್ಲಿ ತೂಗುಹಾಕಿದಂತೆ ನಿಶ್ಚಲವಾಗಿತ್ತು. ಹುಡುಗರ ಕಡೆಯಿಂದ ಕಿಸಕ್ಕೆಂಬ ಸದ್ದು ಬಂದಿತು.

ಅಷ್ಟರಲ್ಲಿ ಬೆವರಿಗೆ ಮಾಸ್ತರರ ಕನ್ನಡಕ ಜಾರಿ ನೆಲಕ್ಕೆ ಬಿದ್ದಿತು. ಅದನ್ನು ಹೆಕ್ಕಲು ಅವರು ಬಗ್ಗಿ, ಒಂದು ಬದಿಗೆ ಸರಿದರು.

ಲಬ್. ಡಬ್.

ಗಾಳಿ ಕೂಡ ಆಡುತ್ತಿರಲಿಲ್ಲ. ಚರ್ಮದ ಬಣ್ಣದ ಆ ನಾಲ್ಕು ಗೋಡೆಗಳ ನಡುವೆ ಹೃದಯ ನಿಧಾನವಾಗಿ, ಯಾವುದೇ ಅವಸರವಿಲ್ಲದೆ, ಬಡಿಯತೊಡಗಿತು. ಮಾಸ್ತರರು ಬಗ್ಗಿದ್ದವರು ಬಗ್ಗಿಯೇ ಉಳಿದರು. ಎದ್ದು ಮುಂದೆ ನಿಂತರೆ ನಿಲ್ಲುತ್ತಿತ್ತು. ಬಗ್ಗಿ ಪಕ್ಕಕ್ಕೆ ಸರಿದರೆ ನಡೆಯುತ್ತಿತ್ತು. ಎರಡು ಸಲ ಹಾಗೇ ಆಯಿತು.

ಲೋಕದಲ್ಲಿ ಎಷ್ಟೋ ಶೋಧಗಳು ಹೀಗೇ ಆಗಿವೆ. ಶೋಧಿಸಿದವರು ಮಾತ್ರ ಮಾಸ್ತರರಷ್ಟು ಬೇಗ ಗಂಭೀರರಾಗಿರಲಿಕ್ಕಿಲ್ಲ. ಅವರು ಕನ್ನಡಕ ಹಾಕಿಕೊಂಡು ಸಭೆಗೆ ತಿಳಿಸಿದರು: ಇದು ವಿನಯದ ಯಂತ್ರ. ಮೊದಲು ಎದುರು ನಿಂತು ಕೈ ತೋರಿಸಿ ಪರಿಚಯ ಹೇಳಿಕೊಳ್ಳಬೇಕು, ಆಮೇಲೆ ತಲೆಬಾಗಿ ದಾರಿ ಬಿಡಬೇಕು. ವಿದ್ಯೆಗೆ ವಿನಯವೇ ಭೂಷಣ ಎಂಬುದನ್ನು ಈಗ ವಿಜ್ಞಾನವೂ ಒಪ್ಪಿದೆ.

ಗೋಣೆಪ್ಪ ಎದ್ದು ನಿಂತು ಕೈಮುಗಿದರು.

ಅಂದಿನಿಂದ ಶಾಲೆಯಲ್ಲಿ ಹಾಗೇ ನಡೆಯಿತು. ಹುಡುಗರು ಒಬ್ಬೊಬ್ಬರಾಗಿ ಬಂದು ಪರದೆಗೆ ಮೂಗು ಹಚ್ಚಿ ಕೈ ಬೀಸಿ, ಬಗ್ಗಿ, ಪಕ್ಕಕ್ಕೆ ಸರಿಯುವರು, ಹೃದಯ ಬಡಿಯುವುದು. ಹೃದಯ ಮಾತ್ರವೇ. ಗ್ರಹಗಳು ಬರಲೇ ಇಲ್ಲ. ಎಷ್ಟು ವಿನಯ ತೋರಿಸಿದರೂ ಸೂರ್ಯ ಹುಟ್ಟಲಿಲ್ಲ. ಕಾರ್ತಿಕ ಕಳೆದು ಮಾರ್ಗಶಿರ ಬಂದರೂ ಹತ್ತನೆಯ ವರ್ಗದವರು ಹೃದಯದ ಪಾಠದಲ್ಲೇ ಇದ್ದರು. ಊಟದ ಬಿಡುವಿನಲ್ಲಿ ಕೋಣೆ ಖಾಲಿಯಾದಾಗಲೂ ಒಳಗಿಂದ ಆ ಸದ್ದು ಬರುತ್ತಿತ್ತು. ಅಂಗಳದಲ್ಲಿ ಉಣ್ಣುತ್ತ ಕುಳಿತ ಮಕ್ಕಳ ತುತ್ತು ಗೊತ್ತಿಲ್ಲದೆಯೇ ಅದರ ತಾಳಕ್ಕೆ ಬಾಯಿಗೆ ಹೋಗುತ್ತಿತ್ತು. ಬೀಗ ಹಾಕಲು ಹೋದ ಜವಾನ ಹುಚ್ಚಪ್ಪ ಬಾಗಿಲಲ್ಲೇ ನಿಂತು, ಹೊರಡ್ತೇನ್ರಿ, ಎಂದು ಹೇಳಿ ಬರುವುದನ್ನು ರೂಢಿ ಮಾಡಿಕೊಂಡ.

ಮಾಸ್ತರರು ಪತ್ರ ಬರೆಯಲು ದಿನವೂ ಕುಳಿತರು. ‘ಮಾನ್ಯರೇ’ ಎಂಬುದು ಚೆನ್ನಾಗಿ ಬರುತ್ತಿತ್ತು. ಅದರ ಮುಂದೆ, ಯಂತ್ರವನ್ನು ಯಾರು ಬಳಸಿದರು ಎಂದು ಬರೆಯಬೇಕು. ತಮ್ಮ ಕೈಗೆ ಅದು ಒಮ್ಮೆಯೂ ಒಲಿದಿಲ್ಲವೆಂಬುದು ಅವರ ಮನಸ್ಸಿಗೆ ಗೊತ್ತಿತ್ತು. ಪತ್ರ ಹೋಗದಿದ್ದರೆ ಯಂತ್ರ ಹೋಗುತ್ತದೆ. ನಿಜ ಬರೆದ ಪತ್ರ ಹೋದರೆ ಮರ್ಯಾದೆ ಹೋಗುತ್ತದೆ. ಇವೆರಡರ ನಡುವೆ ಅವರು ಪೆನ್ನಿನ ಟೊಪ್ಪಿಗೆ ಹಾಕಿ ಏಳುವರು.

ಹೀಗಿರುವಾಗ ಒಂದು ಗುರುವಾರ ಗೋಣೆಪ್ಪ ಬೀಗರನ್ನು ಕರೆದುಕೊಂಡು ಯಂತ್ರ ತೋರಿಸಲು ಬಂದರು. ತಾವೇ ಮುಂದೆ ನಿಂತು ಬಾಗಿ, ಸರಿದು, ಮೀಸೆ ತೀಡಿದರು. ಹೃದಯ ನಡೆಯಿತು. ನೋಡ್ರಿ, ನನ್ನ ಗುಂಡಿಗಿ ಗತೇನ ಐತಿ, ಎಂದು ಅವರು ಎದೆ ತಟ್ಟಿಕೊಳ್ಳುವುದಕ್ಕೂ ಅದು ನಿಲ್ಲುವುದಕ್ಕೂ ಸರಿಹೋಯಿತು.

ಪರದೆಯ ಮೇಲೆ ಕೆಂಪು ಹೃದಯ ಅರ್ಧಕ್ಕೆ ಮಡಚಿಕೊಂಡು ನಿಂತಿತ್ತು. ಹೊರಗೆ ಎಲ್ಲೋ ಒಂದು ಕಾಗೆ ಕೂಗಿತು. ಆಮೇಲೆ ಮತ್ತೆ, ಏನೂ ಆಗಿಲ್ಲವೆಂಬಂತೆ, ಲಬ್ ಡಬ್. ಗೋಣೆಪ್ಪ ಅಷ್ಟರಲ್ಲಿ ಬೀಗರ ತೋಳಿನಲ್ಲಿ ಒರಗಿದ್ದರು.

ಅವರನ್ನು ಜೀಪಿನಲ್ಲಿ ಹಾನಗಲ್ಲಿಗೆ ಒಯ್ದರು. ಅಲ್ಲಿಯ ಡಾಕ್ಟರು ಪರೀಕ್ಷೆ ಮಾಡಿ, ಅಂಜಿಕೆಯಿಂದ ತಲೆಸುತ್ತು ಬಂದದ್ದು ನಿಜ, ಆದರೆ ಬಂದದ್ದು ಚಲೋ ಆಯಿತು, ರಕ್ತನಾಳ ಒಂದು ಕಟ್ಟಿಕೊಂಡಿದೆ, ಇನ್ನು ತಡಮಾಡಿದ್ದರೆ ಕಷ್ಟವಿತ್ತು, ಎಂದುಬಿಟ್ಟರು. ಗೋಣೆಪ್ಪ ಹುಬ್ಬಳ್ಳಿಗೆ ಹೋಗಿ ಎದೆಯಲ್ಲಿ ಸ್ಪ್ರಿಂಗ್ ಕೂರಿಸಿಕೊಂಡು, ಬಡಕಲಾಗಿ, ಭಕ್ತರಾಗಿ ಮರಳಿದರು.

ಮುಂದಿನದನ್ನು ಯಾರೂ ತಡೆಯುವಂತಿರಲಿಲ್ಲ. ಅಕ್ಕಿಆಲೂರಿನ ಸಂತೆಗೆ ಬಂದವರು ಸೀಗಿಕೊಪ್ಪಕ್ಕೂ ಬಂದುಹೋಗತೊಡಗಿದರು. ದುಂಡಸಿಯಿಂದ ಒಬ್ಬ ಮುದುಕಿ ಬಸ್ಸು ಬದಲಿಸಿ ಬದಲಿಸಿ ಬಂದು, ತನ್ನದನ್ನು ನೋಡುವುದು ಬೇಡ, ಸೊಸೆಗೆ ಹೃದಯ ಇದೆಯೋ ಇಲ್ಲವೋ ಅಷ್ಟು ಹೇಳಿ ಸಾಕು, ಎಂದಳು. ಮಾಸ್ತರರಿಗೆ ಎದಿಮಾಸ್ತರ ಎಂಬ ಹೆಸರು ಬಿದ್ದಿತು. ಇದು ಪಾಠದ ಸಾಮಾನು, ಜ್ಯೋತಿಷ್ಯವಲ್ಲ, ಎಂದು ಅವರು ಹೇಳಿದಷ್ಟೂ ಜನ ಅವರ ವಿನಯಕ್ಕೆ ಮೆಚ್ಚಿದರು. ಗೋಣೆಪ್ಪ ಸಂಕ್ರಾಂತಿಗೆ ಅವರಿಗೊಂದು ಸನ್ಮಾನ ನಿಶ್ಚಯಿಸಿ ಜರಿಯಂಚಿನ ಶಾಲನ್ನೂ ತರಿಸಿಟ್ಟರು.

ಮನೆಯಲ್ಲಿ ಹೆಂಡತಿ ವೃಂದಾ ಅವರ ಕೈಗೆ ಅಂಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಬಡಿಸುವುದನ್ನು ಕಲಿತಳು. ಒಂದು ರಾತ್ರಿ ಊಟದ ಹೊತ್ತಿಗೆ, ಸಾರು ಸಾಕೆಂದು ಅವರು ಅಂಗೈ ಅಡ್ಡ ಹಿಡಿದರು. ಒಲೆಯ ಮೇಲೆ ಕುದಿಯುತ್ತಿದ್ದ ಹಾಲು ಅದೇ ಕ್ಷಣಕ್ಕೆ ಉಕ್ಕಿತು.

“ಕೈ ಕೆಳಗ ಇಳಸ್ರಿ,” ಎಂದಳು ವೃಂದಾ, ಗೋಡೆಗೆ ಆತು. “ಬಾಯಿ ಅದ ಅಲ್ಲ ನಿಮಗ. ಬೇಕು ಬ್ಯಾಡಾ ಅಂತ ಬಾಯಿಲೇ ಹೇಳ್ರಿ. ಇನ್ನ ಮ್ಯಾಲ ಈ ಮನ್ಯಾಗ ಕೈ ಎತ್ತಬ್ಯಾಡ್ರಿ.”

ಮಾಸ್ತರರು ಅಂದಿನಿಂದ ಮನೆಯಲ್ಲಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರತೊಡಗಿದರು. ಅವು ತಮ್ಮವೇ ಹೌದೋ ಅಲ್ಲವೋ ಎಂಬ ಸಂಶಯ ಅವರಿಗೂ ಹತ್ತಿತ್ತು.

ಸಂಕ್ರಾಂತಿಗೆ ಒಂದು ವಾರವಿದೆಯೆನ್ನುವಾಗ ಸವಣೂರಿನಿಂದ ದಿಲ್ಶಾದಳ ಫೋನು ಬಂದಿತು. ಪತ್ರ ಇನ್ನೂ ಬಂದಿಲ್ಲವೆಂದಳು. ಅದು ಇರಲಿ, ಯಂತ್ರ ತಾನು ಕಂಡ ಕೈಗಳ ಲೆಕ್ಕವನ್ನು ತಾನೇ ಇಟ್ಟು ತಮಗೆ ಕಳಿಸುತ್ತದೆ, ಅದನ್ನು ನೋಡಿ ತನಗೆ ನಿದ್ದೆ ಬಂದಿಲ್ಲವೆಂದಳು.

“ಇಷ್ಟ್ ದಿನದಾಗ ಅದಕ್ಕ ಕಂಡಿದ್ದು ಒಂದ ಕೈ ಸರ, ಬಳಿ ತೊಟ್ಟ ಕೈ. ಬಲಗೈ. ಬೆಳಕು ಹರಿದಾಗಿಂದ ಹೊತ್ತು ಮುಣಗೂತನಕ ಎತ್ತಿದ್ದು ಎತ್ತಿದಂಗ ಐತಿ. ರವಿವಾರ ಸುದ್ದಾ ಇಳಿಸಿಲ್ಲ. ನಿಮ್ಮ ಸಾಲ್ಯಾಗ ಯಾವ ಹುಡುಗಿಗರ ಕೈ ಎತ್ತಿ ನಿಲ್ಲೂ ಶಿಕ್ಷಾ ಕೊಡಾಕತ್ತೀರೇನು?”

ಮಾಸ್ತರರು ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲೆ ಬೋರಲಾಗಿ ಇಟ್ಟರು.

ಮಾಸ್ತರರ ಬಾಯಿಂದ ಶಿಕ್ಷೆ ಎಂಬ ಮಾತು ಕಿವಿಗೆ ಬಿದ್ದದ್ದೇ ಹೆಡ್‌ಮಾಸ್ತರ ರುದ್ರೇಶರ ಮುಖ ಸುಣ್ಣವಾಯಿತು. ಮಕ್ಕಳಿಗೆ ಶಿಕ್ಷೆ ಕೊಟ್ಟರೆ ಮೊದಲು ಹೋಗುವುದು ಹೆಡ್‌ಮಾಸ್ತರನ ಕುರ್ಚಿ. ಅವರು ಎಲ್ಲ ವರ್ಗಗಳಿಗೂ ಹೋಗಿ, ಯಾರು ಕೈ ಎತ್ತಿ ನಿಂತಿದ್ದೀರಿ, ಕೈ ಎತ್ತಿರಿ, ಎಂದು ವಿಚಾರಿಸಿದರು. ಯಾರೂ ಎತ್ತಲಿಲ್ಲ. ಮುಚ್ಚಿಡುತ್ತಿದ್ದಾರೆಂದು ಅವರ ಅಂಜಿಕೆ ಇಮ್ಮಡಿಯಾಯಿತು. ಸುದ್ದಿ ಹಾನಗಲ್ಲಿನ ಶಿಕ್ಷಣ ಸಾಹೇಬರಿಗೂ ಮುಟ್ಟಿತು. ಶುಕ್ರವಾರ ದಿಲ್ಶಾದ ಯಂತ್ರ ನೋಡಲು, ಸಾಹೇಬರು ವಿಚಾರಣೆ ಮಾಡಲು, ಒಂದೇ ಹೊತ್ತಿಗೆ ಬರುವುದೆಂದಾಯಿತು.

ಆ ಶುಕ್ರವಾರ ಅಮಾವಾಸ್ಯೆಯೂ ಆಗಿತ್ತು. ಸಾಹೇಬರು ವಿಜ್ಞಾನದ ಕೋಣೆಗೆ ಕಾಲಿಟ್ಟವರು ಗೋಡೆ ನೋಡಿ, ಮುಟ್ಟಿ, ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡರು. ಮಕ್ಕಳನ್ನೆಲ್ಲ ಅಂಗಳಕ್ಕೆ ಕಳಿಸಿದ್ದರಿಂದ ಕೋಣೆಯಲ್ಲಿ ಹಿರಿಯರು ಮಾತ್ರ ಇದ್ದರು. ಹೃದಯ ಎಂದಿನಂತೆ ತನ್ನಷ್ಟಕ್ಕೆ ನಡೆದಿತ್ತು. ಯಾರೂ ಕೈ ಎತ್ತದೆ ಇದು ಹೇಗೆ ನಡೆದಿದೆ ಎಂದು ಸಾಹೇಬರು ಕೇಳಿದರು. ವಿನಯದಿಂದ, ಎಂದರು ರುದ್ರೇಶ. ಸಾಹೇಬರು ಅದನ್ನು ಬರೆದುಕೊಳ್ಳಲು ಪೆನ್ನು ತೆರೆದರು.

ಹೃದಯ ಬೆಳೆಯತೊಡಗಿತು.

ಮೊದಲು ತೆಂಗಿನಕಾಯಿಯಷ್ಟಿದ್ದದ್ದು ಕುಂಬಳಕಾಯಿಯಷ್ಟಾಯಿತು. ಆಮೇಲೆ ಪರದೆಯ ಅಂಚು ಮುಟ್ಟಿತು. ಅಂಚನ್ನೂ ದಾಟಿ, ಒಳಗಿನ ಕೋಣೆ, ಬಾಗಿಲು, ಬಾಗಿಲಿನ ನರ ಒಂದೊಂದಾಗಿ ಎದುರಿಗೆ ಬಂದು ತೆರೆದು ಮುಚ್ಚಿ ತೆರೆದು ಮುಚ್ಚಿ, ಕೊನೆಗೆ ಪರದೆಯ ತುಂಬ ಕೆಂಪೊಂದು ಗುಹೆ ಬಾಯಿ ಬಿಟ್ಟು ನಿಂತಿತು. ಸದ್ದಿಗೆ ಬೆಂಚುಗಳು ನಡುಗಿದವು. ಗೋಡೆಯೂ ಅದೇ ಬಣ್ಣ, ಅದೂ ಮಿಡಿಯುತ್ತಿದೆಯೇನೋ ಎಂಬಂತಿತ್ತು. ಸಾಹೇಬರು ಪೆನ್ನನ್ನು ಅಲ್ಲೇ ಬಿಟ್ಟು ಜೀಪಿನ ಕಡೆ ನಡೆದರು. ನಡೆದರೆಂದು ಹೇಳುವುದು ಅವರ ಹುದ್ದೆಗೆ ಕೊಟ್ಟ ಗೌರವ. ರುದ್ರೇಶ ಅವರನ್ನು ಬೀಳ್ಕೊಡುವ ನೆಪದಲ್ಲಿ ಅವರಿಗಿಂತ ಮುಂದೆ ಹೋದರು.

ಉಳಿದವರು ಇಬ್ಬರು. ದಿಲ್ಶಾದ ಕೆಲಸದವಳಾದ್ದರಿಂದ ಉಳಿದಳು. ಮಾಸ್ತರರು ಕಾಲು ಏಳದ್ದರಿಂದ ಉಳಿದರು.

ಅವಳು ಗುಂಡಿಯೊಂದನ್ನು ಒತ್ತಿ, ಯಂತ್ರದ ಕಣ್ಣಿಗೆ ಏನು ಕಾಣುತ್ತಿದೆಯೋ ನಮಗೂ ಕಾಣಲಿ, ಎಂದಳು. ಕೆಂಪು ಸರಿಯಿತು. ಪರದೆಯ ಮೇಲೆ ಅದೇ ಕೋಣೆ ಬಂದಿತು: ಖಾಲಿ ಬೆಂಚು, ಮುಂದೆ ಬೆವರಿದ ಮಾಸ್ತರರು, ಅವರ ಬೆನ್ನ ಹಿಂದೆ ತೆರೆದ ಕಿಟಕಿ. ಕಿಟಕಿಯಲ್ಲಿ ಒಂದು ಕೈ. ಆ ಕೈಯ ಗೆಣ್ಣು ಗೆಣ್ಣಿಗೂ ಯಂತ್ರ ಹಸಿರು ಚುಕ್ಕೆ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದು, ಬೆಳಗಿನ ರಂಗೋಲಿಯ ಹಾಗೆ ಸಿಂಗರಿಸಿತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ನಿಂಬೆಹಣ್ಣು ಸಿಕ್ಕಿಕೊಂಡಿತ್ತು.

ಇಬ್ಬರೂ ಬಹಳ ಹೊತ್ತು ಹಿಂದೆ ತಿರುಗಲಿಲ್ಲ.

ತಿರುಗಿದಾಗ ಕಿಟಕಿಯಾಚೆ ತಿಪ್ಪವ್ವ ಕಂಡಳು. ಅಮಾವಾಸ್ಯೆಯ ಪೂಜೆಗೆ ಬಂದಿದ್ದಳು. ಅವಳೇ ಆಗ ನಿಂಬೆಹಣ್ಣನ್ನು ಕೈಯವ್ವನ ಬೆರಳ ಸಂದಿಗೆ ಇಟ್ಟಿದ್ದಳು. ನಡೆದದ್ದನ್ನೆಲ್ಲ ಮಾಸ್ತರರಿಂದ ಕೇಳಿಕೊಂಡು ದಿಲ್ಶಾದ ಮೆಲ್ಲಗೆ ಬಿಡಿಸಿ ಹೇಳಿದಳು. ಯಂತ್ರ ಮೊದಲು ಕಂಡ ಕೈಯನ್ನು ಹಿಡಿದರೆ ಬಿಡುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಕಲ್ಲಿನ ಕೈಯನ್ನು ಅದು ಜೀವಂತ ಕೈಯೆಂದೇ ತಿಳಿಯಿತು. ನೀವೆಲ್ಲ ಪರದೆಗೆ ಅಂಟಿ ನಿಂತದ್ದರಿಂದ ನಿಮ್ಮ ಕೈ ಅದಕ್ಕೆ ಮಸುಕು. ನೀವು ಬಗ್ಗಿ ಸರಿದರೆ ಕಿಟಕಿ ಕಾಣುತ್ತಿತ್ತು. ಕಾಗೆ ಬೆರಳ ಮೇಲೆ ಕುಳಿತರೆ ಮುಷ್ಟಿ. ನಿಂಬೆಹಣ್ಣು ಇಟ್ಟರೆ ಚಿವುಟು.

ಮಾಸ್ತರರಿಗೆ ಎಲ್ಲವೂ ತಿಳಿಯಿತು. ತಿಳಿದಾಗ ಹಗುರಾಗಬೇಕಿದ್ದ ಎದೆ ಹಗುರಾಗಲಿಲ್ಲ. ಇಷ್ಟು ದಿನ ತಾವು ಯಾರಿಗೆ ತಲೆಬಾಗಿ ದಾರಿ ಬಿಟ್ಟಿದ್ದೆವೆಂದು ಗೊತ್ತಾದ ಮೇಲೆ, ಆ ಸವೆದ ಮುಖದ ಕಡೆ ನೋಡಲು ಅವರಿಗೆ ಆಗಲಿಲ್ಲ.

ಕಿಟಕಿ ಮುಚ್ಚಿದರೆ ಮುಗಿಯಿತು, ಎಂದಳು ದಿಲ್ಶಾದ. ಅದು ಬಣ್ಣಕ್ಕೆ ಅಂಟಿಕೊಂಡು ಮುಚ್ಚದಾಗಿತ್ತು. ಹಾಗಾದರೆ ಕೈಗೆ ಬಟ್ಟೆ ಮುಚ್ಚಬೇಕು. ತಿಪ್ಪವ್ವ ಉಡಿ ತುಂಬಲು ತಂದ ಕುಪ್ಪಸದ ಕಣವನ್ನು ಕೈಯಲ್ಲೇ ಹಿಡಿದು ನಿಂತಳು.

“ಆಕಿ ಏನ್ ಬೇಡಿದ್ದಾಳ್ರಿ ನಿಮ್ಮನ್ನ,” ಎಂದಳು. “ಬೆಂಕ್ಯಾಗ ಹೋಗ ಅಂದ್ರ ಹ್ವಾದ್ಲು. ಹೊರಗ ನಿಂದ್ರು ಅಂದ್ರ ನ್ಯಾಯವಾಗಿ ನಿಂತಾಳ. ಇಷ್ಟು ವರ್ಷಕ್ಕ ಒಂದ್ ಪಾಠ ಕೇಳಾಕ ಕಿಟಕಿ ತಗದ್ರಿ, ಈಗ ಮಾರಿಮ್ಯಾಲ ಅರವಿ ಹಾಕಂತೀರಿ.”

ಮಾಸ್ತರರು, ಮುಖಕ್ಕೆ ಬೇಡ, ಕೈಗಷ್ಟೇ, ಪಾಠ ಕೇಳುವವರು ಕೈ ಇಳಿಸಿ ಕೂತೇ ಕೇಳುತ್ತಾರೆ, ಎಂದರು. ತಿಪ್ಪವ್ವ ಆ ಮಾತನ್ನು ತೂಗಿ ನೋಡಿ, ನಿಂಬೆಹಣ್ಣು ತೆಗೆದು, ಕಲ್ಲಿನ ಬೆರಳುಗಳಿಗೆ ಹಸಿರು ಕಣ ಸುತ್ತಿದಳು.

ಪರದೆಯ ಮೇಲೆ ಕೈ ಮರೆಯಾಯಿತು. ಚುಕ್ಕೆಗಳು ಮರೆಯಾಗಲಿಲ್ಲ.

ಖಾಲಿ ಕಿಟಕಿಯ ಬೆಳಕಿನಲ್ಲಿ, ಯಾವ ಬೆರಳೂ ಇಲ್ಲದ ಜಾಗದಲ್ಲಿ, ಹಸಿರು ಚುಕ್ಕೆಗಳ ಕೈಯೊಂದು ಎತ್ತಿಕೊಂಡೇ ಇತ್ತು. ಹಳೆಯ ಚಿತ್ರ ಒಳಗೆ ಸಿಕ್ಕಿಕೊಂಡಿರಬೇಕು, ಎಂದಳು ದಿಲ್ಶಾದ. ಅವರು ನೋಡುತ್ತಿರುವಂತೆ ಆ ಚುಕ್ಕೆಗಳು ಒಂದೊಂದಾಗಿ ಒಳಕ್ಕೆ ಮಡಚಿಕೊಂಡವು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಹಿಂದೆ ಕೇಳುತ್ತಿದ್ದ ಹೃದಯದ ಸದ್ದು ನಿಂತಿತು. ಬಹಳ ಕಾಲ ಎತ್ತಿ ಹಿಡಿದು ದಣಿದ ಕೈ ಇಳಿಯುವ ಹಾಗೆ ಅದು ಕೆಳಗಿಳಿದು, ಕಿಟಕಿಯ ಕಟ್ಟೆಯ ಹಿಂದೆ ಹೋಯಿತು.

ದಿಲ್ಶಾದ ಮಾಸ್ತರರ ತೋಳು ಹಿಡಿದು ಎರಡು ಮಾರು ಹಿಂದಕ್ಕೆ ನಿಲ್ಲಿಸಿದಳು. ಎತ್ತರಿ ಸರ, ಎಂದಳು. ಮಾಸ್ತರರು ಅಂಗೈ ಎತ್ತಿದರು. ಹಸಿರು ಚುಕ್ಕೆಗಳು ಈಗ ಅವರ ಬೆರಳಿಗೆ ಬಂದು ಕುಳಿತವು. ತಣ್ಣಗಾಯಿತೆಂದು ಅವರಿಗೆ ಅನಿಸಿತು. ಬೆಳಕಿಗೆ ತಂಪು ಇರುವುದಿಲ್ಲವೆಂದು ಅವರೇ ಪಾಠ ಮಾಡಿದ್ದರು. ದಿಲ್ಶಾದ ಗುಂಡಿ ಒತ್ತಿ ಹೃದಯವನ್ನು ಮರಳಿ ತಂದಾಗ ಕೈ ಬೀಸಿದರು. ಹೃದಯ ಸರಿದು, ಕತ್ತಲು ಬಂದು, ಕತ್ತಲಲ್ಲಿ ಸೂರ್ಯ ಹುಟ್ಟಿದ.

ಹೋಗುವಾಗ ದಿಲ್ಶಾದ ಹೇಳಿದ್ದು ಇಷ್ಟು. ತಾನು ಮೇಲಿನವರಿಗೆ ಏನನ್ನೂ ಹೇಳುವುದಿಲ್ಲ, ಹೇಳಿದರೆ ನಂಬುವುದೂ ಇಲ್ಲ. ಲೆಕ್ಕದಲ್ಲಿ ಒಂದು ಕೈ ಇದೆ. ಅದು ಯಾರದೆಂದು ಶಾಲೆ ಮುದ್ರೆಯೊತ್ತಿ ಬರೆಯಬೇಕು. “ಬರೀದಿದ್ರ ಹುಡುಗಿಗೆ ಶಿಕ್ಷಾ ಕೊಟ್ಟೀರಿ ಅಂತ ಆಕ್ಕೈತಿ, ಯಂತ್ರ ಹಿರೇಕೆರೂರಿಗೆ ಹೊಕ್ಕೈತಿ. ಸಂಕ್ರಾಂತಿ ಮರುದಿನ ಗಾಡಿ ಬರ್ತೈತಿ ಸರ.”

ಆ ರಾತ್ರಿ ಮಾಸ್ತರರು ‘ಮಾನ್ಯರೇ’ ದಾಟಿ ಮುಂದೆ ಹೋದರು. ಬೆಳಿಗ್ಗೆ ಪತ್ರವನ್ನು ರುದ್ರೇಶರ ಮುಂದಿಟ್ಟರು. ಓದಿ ರುದ್ರೇಶ ಎದ್ದು ಆಫೀಸಿನ ಬಾಗಿಲು ಹಾಕಿಕೊಂಡರು. ಕಲ್ಲು ಎಂದು ಬರೆದರೆ ತಾವಿಬ್ಬರೂ ಧಾರವಾಡದ ಹುಚ್ಚಾಸ್ಪತ್ರೆಗೆ ಹೋಗಬೇಕಾಗುತ್ತದೆ ಎಂದರು. ‘ಕಲ್ಲು’ ಹೊಡೆದುಹಾಕಿ, ‘ಶಾಲೆಯ ಆವರಣದಲ್ಲಿ ಬಹುಕಾಲದಿಂದ ವಾಸವಿರುವ ಹಿರಿಯ ಮಹಿಳೆ’ ಎಂದು ತಿದ್ದಿದರು. ಹಾಗಾದರೆ ಅವಳ ಆಧಾರ್ ಸಂಖ್ಯೆ ಕೇಳುತ್ತಾರೆ, ಯಾರ ಅಪ್ಪಣೆಯಿಂದ ಶಾಲೆಯಲ್ಲಿ ಇಟ್ಟುಕೊಂಡಿರಿ ಎಂದೂ ಕೇಳುತ್ತಾರೆ, ಎಂದರು ಮಾಸ್ತರರು. ರುದ್ರೇಶ ಅದನ್ನೂ ಹೊಡೆದುಹಾಕಿದರು. ‘ದಿವಂಗತ’ ಎಂದು ಸೇರಿಸಿ ನೋಡಿದರು. ಅದು ಎಲ್ಲಕ್ಕಿಂತ ಕೆಟ್ಟದಾಗಿ ಕಂಡಿತು.

ಈ ಹೊತ್ತಿಗೆ ಗೋಣೆಪ್ಪ ಸನ್ಮಾನದ ವಿಚಾರಕ್ಕೆ ಬಾಗಿಲು ತಟ್ಟಿದರು. ಶಾಲು ತೋಳಿನ ಮೇಲೇ ಇತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಮಾಸ್ತರರು ಎಲ್ಲವನ್ನೂ ಹೇಳಿದರು: ಬಣ್ಣ, ಕಿಟಕಿ, ಕಾಗೆ. ತಮ್ಮ ಕೈಯಲ್ಲಿ ಏನೂ ಇರಲಿಲ್ಲವೆಂದರು. ತಾವು ಸುಮ್ಮನೆ ಬಗ್ಗಿದ್ದೆವೆಂದರು. ನಗುತ್ತಾರೆಂದು ಕಾದು ನಿಂತರು.

ಗೋಣೆಪ್ಪ ನಗಲಿಲ್ಲ. ಎದೆಯ ಸ್ಪ್ರಿಂಗ್ ಇರುವ ಜಾಗದ ಮೇಲೆ ಅಂಗೈ ಇಟ್ಟುಕೊಂಡರು.

“ಅಂದ್ರ ನನ್ನ ಎದಿ ನೋಡಿದಾಕಿ ಆಕಿ,” ಎಂದರು. “ನೀವಲ್ಲ.”

ನಾನಲ್ಲ, ಎಂದರು ಮಾಸ್ತರರು.

ಗೋಣೆಪ್ಪ ಶಾಲನ್ನು ಎತ್ತಿಕೊಂಡು ಹೊರಗೆ ಹೋದರು. ಆಫೀಸಿನ ಕಿಟಕಿಯಿಂದ ನೋಡಿದರೆ, ಜರಿಯಂಚಿನ ಆ ಶಾಲನ್ನು ಕಲ್ಲಿಗೆ ಹೊದಿಸಿ, ಮೊಣಕಾಲೂರಿ, ಯಾರಿಗೂ ಕೇಳದ ಹಾಗೆ ಏನೋ ಹೇಳಿಕೊಳ್ಳುತ್ತಿದ್ದರು. ರುದ್ರೇಶ ಅದನ್ನು ನೋಡಿದರು. ಪತ್ರವನ್ನು ನೋಡಿದರು. ಹೊಡೆದುಹಾಕಿದ್ದನ್ನೆಲ್ಲ ಬಿಟ್ಟು ಹೊಸ ಹಾಳೆಯಲ್ಲಿ ಮೊದಲಿನಂತೆಯೇ ಬರೆಯಿರಿ ಎಂದರು. ಕಣ್ಣು ಮುಚ್ಚಿಕೊಂಡು ಮುದ್ರೆ ಒತ್ತಿದರು.

ಮಾಸ್ತರರು ಬರೆದರು. ಯಂತ್ರ ಚೆನ್ನಾಗಿದೆ. ಅದನ್ನು ಇಷ್ಟು ದಿನ ನಡೆಸಿದವಳು ನಮ್ಮ ಶಾಲೆಯ ಕಿಟಕಿಯಾಚೆ ನಿಂತ ಮಾಸ್ತಿಗಲ್ಲಿನ ಹೆಣ್ಣುಮಗಳು. ಕೈಗೆ ಬಣ್ಣ ಹಚ್ಚಿದವನು ನಾನು, ಕಿಟಕಿ ತೆರೆದಿಟ್ಟವನು ನಾನು, ಕಲಿಯಬೇಕಾದ್ದನ್ನು ಕಲಿಯದೆ ಬಾಗಿ ನಿಂತವನೂ ನಾನೇ. ಯಾವ ಮಗುವಿಗೂ ಶಿಕ್ಷೆ ಕೊಟ್ಟಿಲ್ಲ. ನಿನ್ನೆಯಿಂದ ಮಕ್ಕಳ ಕೈಗೆ ಗ್ರಹಗಳು ತಿರುಗುತ್ತಿವೆ. ದಯವಿಟ್ಟು ಯಂತ್ರವನ್ನು ಇಲ್ಲೇ ಬಿಡಬೇಕು.

ಅಂಟು ಹಚ್ಚಿ, ಅಂಚೆಚೀಟಿ ಅಂಟಿಸಿ, ಮಧ್ಯಾಹ್ನದ ಬಸ್ಸಿಗೆ ತಿಳವಳ್ಳಿಗೆ ಹೋದರು. ಬಸ್ಸಿನಲ್ಲಿ ಇಬ್ಬರು ಅವರನ್ನು ಗುರುತಿಸಿ ಎದಿಮಾಸ್ತರ ಎಂದು ಜಾಗ ಬಿಟ್ಟರು. ಅವರು ಕೂರದೆ ನಿಂತೇ ಹೋದರು. ಅಂಚೆ ಕಚೇರಿಗೆ ಬೀಗ ಬಿದ್ದಿತ್ತು. ಸುತ್ತ ಮನುಷ್ಯರ ಸುಳಿವಿರಲಿಲ್ಲ. ಗೋಡೆಗೆ ತೂಗುಹಾಕಿದ ಕೆಂಪು ಡಬ್ಬಿ ಬಾಯಿ ತೆರೆದುಕೊಂಡು ಬಿಸಿಲಿಗೆ ಕಾದು ನಿಂತಿತ್ತು. ಬಾಯಿ ಕಿರಿದು, ಪತ್ರ ಜಾರಲೆಂದು ಮಾಸ್ತರರು ಕೈಯನ್ನು ಮಣಿಕಟ್ಟಿನವರೆಗೆ ಒಳಗೆ ತೂರಿಸಿದರು. ಒಳಗೆ ಕತ್ತಲು, ತಂಪು. ಬಿಡಲೋ ಬೇಡವೋ ಎಂದು ಒಂದು ಕ್ಷಣ ಅವರ ಬೆರಳು ತಡೆಯಿತು.

ಆಗ ಒಳಗೆ ಕಲ್ಲಿನ ಬಳೆ ತಾಗಿದಂಥ ಸದ್ದಾಯಿತು, ಪತ್ರವನ್ನು ಯಾರೋ ಮೆಲ್ಲಗೆ ಇಸಿದುಕೊಂಡರು.